ರಾತ್ರಿಯೂ ಮನೆಯಲ್ಲೇ ಉಳಿದು ಮಗು ನೋಡಿಕೊಳ್ಳುವವರಿಗೆ ಎಷ್ಟು ಸಂಬಳ ಕೊಟ್ಟರೆ ನ್ಯಾಯ? (ಮೈಸೂರು)

ಬೋಗಾದಿಯ ತಾಯಿ (ಭಾನುವಾರ, ರಾತ್ರಿ 10.50)

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಆರು ತಿಂಗಳು ತುಂಬುತ್ತಿದೆ, 26 ವಾರಗಳ ಹೆರಿಗೆ ರಜೆಯೂ ಮುಗಿಯುತ್ತಿದೆ. ಪತಿಯ ಕೆಲಸ ಹುಬ್ಬಳ್ಳಿಯಲ್ಲಿರುವುದರಿಂದ ಹದಿನೈದು ದಿನಕ್ಕೊಮ್ಮೆ ಮಾತ್ರ ಬರುತ್ತಾರೆ. ಬನ್ನೂರಿನಲ್ಲಿರುವ ಅತ್ತೆಯವರಿಗೆ ಮಂಡಿನೋವು. ನಮ್ಮ ಎರಡನೇ ಮಹಡಿಯನ್ನು ಹತ್ತುವುದೇ ಅವರಿಗೆ ಕಷ್ಟ. ನನ್ನ ಕಚೇರಿ ಹೆಬ್ಬಾಳದ ಕಡೆ. ಬೆಳಿಗ್ಗೆ ಎಂಟೂವರೆಗೆ ಹೊರಟರೆ ಸಂಜೆ ಆರೂವರೆಗೆ ಮನೆ ಸೇರುತ್ತೇನೆ, ಆಮೇಲೆ ಎಂಟರಿಂದ ಹತ್ತರವರೆಗೆ ಮತ್ತೆ ಮೀಟಿಂಗುಗಳಿರುತ್ತವೆ.

ಪರಿಚಯದವರ ಮೂಲಕ ಪಾಂಡವಪುರದ ಕಡೆಯ ಒಬ್ಬರು ಸಿಕ್ಕಿದ್ದಾರೆ. ವಯಸ್ಸು 48, ಪತಿ ತೀರಿಕೊಂಡಿದ್ದಾರೆ, ಮಗ ಐಟಿಐ ಓದುತ್ತಿದ್ದಾನೆ. ವಾರಕ್ಕೆ ಆರು ದಿನ ನಮ್ಮ ಮನೆಯಲ್ಲೇ ಉಳಿದು ಹಗಲು ರಾತ್ರಿ ಮಗುವನ್ನು ನೋಡಿಕೊಳ್ಳಲು ಒಪ್ಪಿದ್ದಾರೆ. ಊಟ ಮತ್ತು ಒಂದು ಕೋಣೆಯ ಜೊತೆಗೆ ತಿಂಗಳಿಗೆ 18,000 ರೂಪಾಯಿ ಕೊಡಬೇಕೆಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಆದರೆ ಎಷ್ಟು ಬೇಕೆಂದು ಕೇಳಿದಾಗ ಅವರು, "ನಿಮಗೆ ತೋಚಿದ್ದು ಕೊಡಿ ಅಕ್ಕ" ಎಂದುಬಿಟ್ಟರು. ಇಂತಿಷ್ಟು ಬೇಕು ಎಂದಿದ್ದರೆ ಚೌಕಾಸಿ ಮಾಡಿ ಸುಮ್ಮನಾಗುತ್ತಿದ್ದೆನೇನೋ. ಈ ಮಾತಿನಿಂದಾಗಿ ಸರಿ ತಪ್ಪುಗಳ ಭಾರವೆಲ್ಲ ನನ್ನ ಮೇಲೆ ಬಿದ್ದಂತಾಗಿದೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ವಿಜಯನಗರ ಎರಡನೇ ಹಂತ (ಭಾನುವಾರ, ರಾತ್ರಿ 11.20)

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದೇ ಕೆಲಸಕ್ಕೆ 14,000 ಕೊಡುವವರಿದ್ದಾರೆ, 22,000 ಕೊಡುವವರೂ ಇದ್ದಾರೆ. ಬೆಂಗಳೂರಿನಲ್ಲಿರುವ ನನ್ನ ತಂಗಿ ಏಜೆನ್ಸಿಯ ಮೂಲಕ 28,000ಕ್ಕೆ ಒಬ್ಬರನ್ನು ಇಟ್ಟುಕೊಂಡಿದ್ದಾಳೆ. ಅದರ ಮೇಲೆ ಏಜೆನ್ಸಿಗೆ ಒಂದು ತಿಂಗಳ ಸಂಬಳದಷ್ಟು ಶುಲ್ಕ ಬೇರೆ ಕಟ್ಟಿದಳು. ಮೈಸೂರಿಗೆ 18,000 ಕಡಿಮೆಯೇನಲ್ಲ. ಒಮ್ಮೆಲೇ ಜಾಸ್ತಿ ಕೊಟ್ಟರೆ ಸುತ್ತಮುತ್ತಲಿನ ಮನೆಗಳಿಗೆಲ್ಲ ತೊಂದರೆಯಾಗುತ್ತದೆ ಎಂಬುದನ್ನೂ ಯೋಚಿಸಿ.

ಸರಸ್ವತಿಪುರಂ ನಿವೃತ್ತ ಲೆಕ್ಕಿಗ (ಸೋಮವಾರ, ಬೆಳಿಗ್ಗೆ 6.15)

ತಾಯಿ, ನೀವು ಒಂದು ಅಂಶವನ್ನು ಲೆಕ್ಕದಿಂದ ಬಿಟ್ಟಿದ್ದೀರಿ. ಮೂರು ಹೊತ್ತಿನ ಊಟ, ಕಾಫಿ, ತಿಂಡಿ ಸೇರಿ ದಿನಕ್ಕೆ 150 ರೂಪಾಯಿ ಹಿಡಿದರೂ 26 ದಿನಕ್ಕೆ 3,900 ಆಗುತ್ತದೆ. ಇಂದಿನ ಮೈಸೂರಿನಲ್ಲಿ ಒಂದು ಕೋಣೆಯ ಬಾಡಿಗೆ 4,000ಕ್ಕಿಂತ ಕಡಿಮೆ ಇಲ್ಲ. ಎರಡನ್ನೂ ಕೂಡಿಸಿದರೆ ನೀವು ಕೊಡುತ್ತಿರುವುದು 18,000 ಅಲ್ಲ, 25,900. ಸಂಬಳ ಎಂದರೆ ಕೈಗೆ ಬರುವ ನೋಟು ಮಾತ್ರವಲ್ಲ. ಮಗು ಮಲಗಿದಾಗ ಅವರಿಗೂ ವಿಶ್ರಾಂತಿಯೇ ತಾನೆ?

ಗುತ್ತಲು ರಸ್ತೆ, ಮಂಡ್ಯ (ಸೋಮವಾರ, ಬೆಳಿಗ್ಗೆ 9.05)

ಮೇಲಿನ ಹಿರಿಯರ ಮೇಲೆ ನನಗೆ ಗೌರವವಿದೆ, ಆದರೆ ಈ ಲೆಕ್ಕವನ್ನು ಒಪ್ಪಲಾರೆ. ನಮ್ಮ ತಾಯಿ ಹನ್ನೊಂದು ವರ್ಷ ಇನ್ನೊಬ್ಬರ ಮನೆಯಲ್ಲಿ ಉಳಿದು ಮಕ್ಕಳನ್ನು ಸಾಕಿದವರು. ಅವರಿಗೆ ಕೊಟ್ಟಿದ್ದ "ಕೋಣೆ" ಮಗುವಿನ ತೊಟ್ಟಿಲಿದ್ದ ಕೋಣೆಯೇ ಆಗಿತ್ತು. ಅಲ್ಲಿ ಮಲಗುವುದು ಅವರಿಗೆ ಸಿಕ್ಕಿದ ಸೌಕರ್ಯವಾಗಿರಲಿಲ್ಲ, ಅವರು ಮಾಡಬೇಕಾಗಿದ್ದ ಕೆಲಸವಾಗಿತ್ತು. ಕಾವಲುಗಾರನ ಸಂಬಳದಿಂದ ಅವನು ಕೂರುವ ಕುರ್ಚಿಯ ಬಾಡಿಗೆಯನ್ನು ಯಾರಾದರೂ ಮುರಿದುಕೊಳ್ಳುತ್ತಾರೆಯೇ ಸರ್? ನಮ್ಮ ಊರಿನ ಮನೆಗೆ ನಾವು ಬಾಡಿಗೆ ಕಟ್ಟುತ್ತಲೇ ಇದ್ದೆವು, ಅಲ್ಲಿ ಅವ್ವ ಮಲಗುತ್ತಿರಲಿಲ್ಲ ಅಷ್ಟೆ.

ಬೋಗಾದಿಯ ಅಕ್ಕನವರು ಹೇಳಿರುವ ದಿನಚರಿಯನ್ನೇ ತೆಗೆದುಕೊಂಡು ಗಂಟೆಗಳನ್ನು ಎಣಿಸಿ ನೋಡೋಣ. ಬೆಳಿಗ್ಗೆ ಆರರಿಂದ ಎಂಟೂವರೆಯವರೆಗೆ ಎರಡೂವರೆ ಗಂಟೆ, ಎಂಟೂವರೆಯಿಂದ ಸಂಜೆ ಆರೂವರೆಯವರೆಗೆ ಮಗುವಿನೊಂದಿಗೆ ಒಬ್ಬರೇ ಹತ್ತು ಗಂಟೆ, ರಾತ್ರಿ ಮೀಟಿಂಗಿನ ಹೊತ್ತಿನಲ್ಲಿ ಎರಡು ಗಂಟೆ: ಒಟ್ಟು ಹದಿನಾಲ್ಕೂವರೆ ಗಂಟೆ ನೇರ ದುಡಿಮೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ, ಮಗು ಅತ್ತರೆ ಏಳಬೇಕಾದ ಎಂಟು ಗಂಟೆ. ಅವರದೇ ಎನ್ನಬಹುದಾದದ್ದು ಸಂಜೆಯ ಒಂದೂವರೆ ಗಂಟೆ ಮಾತ್ರ. 18,000ವನ್ನು 26ರಿಂದ, ಆಮೇಲೆ 24ರಿಂದ ಭಾಗಿಸಿದರೆ ಗಂಟೆಗೆ 29 ರೂಪಾಯಿಯೂ ಬರುವುದಿಲ್ಲ. ನಿಮ್ಮ ಮನೆಗೆ ದಿನಕ್ಕೊಂದು ಗಂಟೆ ಪಾತ್ರೆ ತೊಳೆದು ನೆಲ ಒರೆಸಿ ಹೋಗುವವರಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ, ತಿಳಿಸುತ್ತೀರಾ?

ಬೋಗಾದಿಯ ತಾಯಿ (ಸೋಮವಾರ, ಮಧ್ಯಾಹ್ನ 1.30)

2,500. ಅಂದರೆ ಗಂಟೆಗೆ 96 ರೂಪಾಯಿ. ಈ ಭಾಗಾಕಾರವನ್ನು ನಾನು ಯಾವತ್ತೂ ಮಾಡಿ ನೋಡಿರಲಿಲ್ಲ. ಪಾತ್ರೆಗಿಂತ ಮಗಳ ಗಂಟೆ ಅಗ್ಗವಾಗಿರುವುದನ್ನು ಕಂಡು ಮನಸ್ಸಿಗೆ ಕಸಿವಿಸಿಯಾಯಿತು. ಹಾಗೆಂದು 24 ಗಂಟೆಗೂ 96ರಂತೆ ಕೊಡುವ ಶಕ್ತಿ ನನಗಿಲ್ಲ ಎಂಬುದೂ ಅಷ್ಟೇ ನಿಜ. ರಾತ್ರಿ ಮಲಗಿರುವ ಗಂಟೆಯನ್ನು ಯಾವ ರೀತಿ ಎಣಿಸಬೇಕು ಎಂಬಲ್ಲಿಗೆ ಬಂದು ನಿಂತಿದ್ದೇನೆ.

ರಾತ್ರಿ ಪಾಳಿ (ಸೋಮವಾರ, ಸಂಜೆ 7.40)

ನಾನು ಮಕ್ಕಳ ವಾರ್ಡಿನಲ್ಲಿ ದಾದಿ. "ಮಗು ಮಲಗಿದಾಗ ವಿಶ್ರಾಂತಿ" ಎಂಬ ಮಾತಿಗೆ ಉತ್ತರಿಸಲೇಬೇಕಾಗಿದೆ. ಹುಟ್ಟಿದ ಹೊಸದರಲ್ಲಿ ಮಗು ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಹಾಲು ಕುಡಿಯುತ್ತದೆ. ಆರು ತಿಂಗಳ ಹೊತ್ತಿಗೆ ಇದು ಕಡಿಮೆಯಾದರೂ ರಾತ್ರಿಯಲ್ಲಿ ಒಂದೆರಡು ಸಲ ಏಳುವುದು ತೀರಾ ಸಾಮಾನ್ಯ. ಹಲ್ಲು ಬರುವಾಗ, ಮೂಗು ಕಟ್ಟಿದಾಗ, ಲಸಿಕೆಯ ಜ್ವರ ಬಂದಾಗ ಇನ್ನೂ ಹೆಚ್ಚು. ಪ್ರತಿ ಸಲ ಎದ್ದಾಗಲೂ ಬಟ್ಟೆ ಬದಲಿಸಿ, ಫ್ರಿಜ್ಜಿನಲ್ಲಿಟ್ಟಿರುವ ತಾಯಿಹಾಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ ಕುಡಿಸಿ, ತೇಗು ಬರಿಸಿ, ಮತ್ತೆ ಮಲಗಿಸುವ ಹೊತ್ತಿಗೆ ಮುಕ್ಕಾಲು ಗಂಟೆ ಸರಿದಿರುತ್ತದೆ. ಅಷ್ಟಾದ ಮೇಲೆ ನಮಗೆ ತಕ್ಷಣ ನಿದ್ದೆ ಹತ್ತುವುದಿಲ್ಲ. ಹೀಗೆ ಎರಡು ಸಲ ತುಂಡಾದ ಎಂಟು ಗಂಟೆಯ ನಿದ್ದೆ ಎಂಟು ಗಂಟೆಯ ನಿದ್ದೆಯಲ್ಲ.

ಸಂಬಳಕ್ಕಿಂತಲೂ ನನ್ನನ್ನು ಹೆದರಿಸಿದ್ದು ಆ ದಿನಚರಿ. ರಾತ್ರಿಯಿಡೀ ಅರೆನಿದ್ದೆಯಲ್ಲಿದ್ದವರು ಮರುದಿನ ಹತ್ತು ಗಂಟೆ ಒಬ್ಬರೇ ಮಗುವನ್ನು ನೋಡಿಕೊಳ್ಳಬೇಕು, ಇದು ವಾರದಲ್ಲಿ ಆರು ದಿನ. ಆಸ್ಪತ್ರೆಯಲ್ಲಿ ನಮಗೆ ರಾತ್ರಿ ಪಾಳಿಯ ಮರುದಿನವೇ ಹಗಲು ಪಾಳಿ ಹಾಕುವುದಿಲ್ಲ. ಎಷ್ಟೇ ಕೊಟ್ಟರೂ ಈ ಪಾಳಿಯನ್ನು ಒಬ್ಬರೇ ಮಾಡುವುದು ಮಗುವಿಗೆ ಕ್ಷೇಮವಲ್ಲ.

ವಕೀಲೆ, ಮಂಡ್ಯ (ಸೋಮವಾರ, ರಾತ್ರಿ 9.55)

ಕಾನೂನಿನ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಮನೆಗೆಲಸದವರಿಗೆ ಕನಿಷ್ಠ ವೇತನ ಎಂಬುದೇ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಕರ್ನಾಟಕ ಸರ್ಕಾರ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಅಧಿಸೂಚಿಸಿತು, ಅದರಲ್ಲಿನ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಪರಿಷ್ಕೃತವಾಗುತ್ತದೆ. ಈ ವರ್ಷದ ದರಪಟ್ಟಿಯನ್ನು ಕಾರ್ಮಿಕ ಇಲಾಖೆಯಿಂದ ಪಡೆದು ನೋಡಿಕೊಳ್ಳಿ. ಅದು ಕೆಳಗಿನ ಮಿತಿ. ಅದನ್ನೇ ನ್ಯಾಯವಾದ ದರವೆಂದು ಹಿಡಿಯಬೇಡಿ. ನಿಗದಿತ ಅವಧಿಗಿಂತ ಹೆಚ್ಚು ದುಡಿಸಿಕೊಂಡರೆ ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಕೊಡಬೇಕೆಂಬುದು ನಮ್ಮ ಕಾರ್ಮಿಕ ಕಾನೂನಿನ ಹಳೆಯ ತತ್ವ. ಆ ಲೆಕ್ಕದಲ್ಲಿ ಹದಿನಾಲ್ಕೂವರೆ ಗಂಟೆಯ ದಿನಚರಿ ಮೊದಲ ದಿನವೇ ಸಿಕ್ಕಿಬೀಳುತ್ತದೆ.

ರಾತ್ರಿಯ ಪ್ರಶ್ನೆಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಅಂಗೀಕರಿಸಿದ 189ನೇ ಒಡಂಬಡಿಕೆ ದಾರಿ ತೋರಿಸುತ್ತದೆ. ತನ್ನ ಸಮಯವನ್ನು ತನ್ನಿಷ್ಟದಂತೆ ಕಳೆಯುವ ಸ್ವಾತಂತ್ರ್ಯವಿಲ್ಲದೆ, ಕರೆದರೆ ಓಗೊಡಲೆಂದು ಮನೆಯವರ ವಶದಲ್ಲಿರುವ ಹೊತ್ತನ್ನು, ಆಯಾ ದೇಶದ ಕಾನೂನು ನಿರ್ಧರಿಸುವ ಮಟ್ಟಿಗೆ, ದುಡಿಮೆಯ ಹೊತ್ತೆಂದೇ ಪರಿಗಣಿಸಬೇಕೆಂದು ಅದು ಹೇಳುತ್ತದೆ. ವಾರಕ್ಕೊಮ್ಮೆ ಸತತ 24 ಗಂಟೆಗಳ ಬಿಡುವನ್ನೂ ಅದು ಕೇಳುತ್ತದೆ. ಭಾರತ ಇದನ್ನು ಇನ್ನೂ ಅನುಮೋದಿಸಿಲ್ಲವಾದ್ದರಿಂದ ನ್ಯಾಯಾಲಯಕ್ಕೆ ಹಿಡಿದುಕೊಂಡು ಹೋಗುವ ಅಸ್ತ್ರ ಇದಲ್ಲ, ಆದರೆ ಮನೆಯೊಳಗೆ ನ್ಯಾಯ ತೀರ್ಮಾನಿಸಲು ಸಾಕು. ರಾತ್ರಿ ಕಾಯುವ ಗಂಟೆಗೆ ಹಗಲಿನ ದರದ ಅರ್ಧ, ಎದ್ದರೆ ಆ ಗಂಟೆಗೆ ಪೂರ್ತಿ: ಇದು ನನ್ನ ಸಲಹೆಯೇ ಹೊರತು ಕಾನೂನಿನ ಮಾತಲ್ಲ.

ಮುಂಗಡದ ವಿಷಯದಲ್ಲಿ ಎಚ್ಚರವಿರಲಿ. ಮಗನ ಫೀಸಿಗೆಂದು ಅವರು 40,000–50,000 ಕೇಳಬಹುದು. ಕೊಡುವುದು ತಪ್ಪಲ್ಲ, ಬರೆದಿಟ್ಟುಕೊಂಡು ಕೊಡಿ. ಆದರೆ "ಸಾಲ ತೀರುವ ತನಕ ಬಿಟ್ಟುಹೋಗುವಂತಿಲ್ಲ" ಎಂದ ಕ್ಷಣವೇ ಅದು ಜೀತವಾಗುತ್ತದೆ, ಜೀತ ರದ್ದಾದದ್ದು 1976ರಲ್ಲಿ.

ಬೋಗಾದಿಯ ತಾಯಿ (ಸೋಮವಾರ, ರಾತ್ರಿ 11.35)

ಮಗಳು ಎದ್ದಿದ್ದಾಳೆ, ಒಂದು ಕೈಯಲ್ಲಿ ಬರೆಯುತ್ತಿದ್ದೇನೆ. ಗಂಟೆಗೆ 80 ರೂಪಾಯಿ ಎಂದಿಟ್ಟುಕೊಂಡು ವಕೀಲೆಯವರ ಸೂತ್ರ ಹಾಕಿದೆ. ಹದಿನಾಲ್ಕೂವರೆ ಗಂಟೆ ಪೂರ್ತಿ ದರ, ಎಂಟು ಗಂಟೆ ಅರ್ಧ ದರ, ಅಂದರೆ ದಿನಕ್ಕೆ ಹದಿನೆಂಟೂವರೆ ಗಂಟೆ, 26 ದಿನಕ್ಕೆ 481 ಗಂಟೆ, 38,480 ರೂಪಾಯಿ. ದುಪ್ಪಟ್ಟನ್ನು ಇನ್ನೂ ಸೇರಿಸಿಲ್ಲ. ಮನೆ ಸಾಲದ ಕಂತು ಕಳೆದರೆ ನನ್ನ ಸಂಬಳದಲ್ಲಿ ಇಷ್ಟು ಉಳಿಯುವುದೇ ಇಲ್ಲ.

ವಿಜಯನಗರ ಎರಡನೇ ಹಂತ (ಮಂಗಳವಾರ, ಬೆಳಿಗ್ಗೆ 8.10)

ಇದನ್ನೇ ನಾನು ಹೇಳಿದ್ದು. ಕಾಗದದ ಮೇಲಿನ ನ್ಯಾಯದಲ್ಲಿ ಯಾವ ಮಧ್ಯಮ ವರ್ಗದ ಹೆಂಗಸೂ ಕೆಲಸಕ್ಕೆ ಹೋಗಲಾರಳು.

ಕುವೆಂಪುನಗರದ ಅಜ್ಜಿ (ಮಂಗಳವಾರ, ಬೆಳಿಗ್ಗೆ 10.45)

ಮಗಳೇ, ನಾವು ಹಿಂದೆ ಬಾಣಂತನಕ್ಕೆ ಕರೆಸುತ್ತಿದ್ದವರು ಮಗುವಿಗೆ ಎಣ್ಣೆ ತಿಕ್ಕಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು ಮಧ್ಯಾಹ್ನಕ್ಕೆ ಹೊರಟುಬಿಡುತ್ತಿದ್ದರು. ರಾತ್ರಿ ಏಳುವುದು ಅಜ್ಜಿಯ ಪಾಲು, ಅತ್ತೆಯ ಪಾಲು, ಚಿಕ್ಕಮ್ಮನ ಪಾಲು. ನಾಲ್ಕು ಜನ ಬಿಟ್ಟಿಯಾಗಿ ಹಂಚಿಕೊಂಡು ಮಾಡುತ್ತಿದ್ದ ಕೆಲಸವನ್ನು ಈಗ ನೀವು ಒಬ್ಬಳಿಂದ ಕೊಂಡುಕೊಳ್ಳಲು ಹೊರಟಿದ್ದೀರಿ, ಆದ್ದರಿಂದ ಬೆಲೆ ನೋಡಿ ಗಾಬರಿಯಾಗಿದೆ. ಎಲ್ಲವನ್ನೂ ಕೊಳ್ಳಲೇಬೇಕೆಂದು ಏನಿದೆ? ಹಗಲು ಬೇಕೋ ರಾತ್ರಿ ಬೇಕೋ ಮೊದಲು ತೀರ್ಮಾನಿಸಿಕೊ.

ವಕೀಲೆ, ಮಂಡ್ಯ (ಮಂಗಳವಾರ, ಬೆಳಿಗ್ಗೆ 11.30)

ಅಜ್ಜಿಯವರ ಮಾತನ್ನು ಕೇಳಿ ನನಗೆ ನಿನ್ನೆಯೇ ಹೊಳೆಯಬೇಕಾಗಿದ್ದ ಪ್ರಶ್ನೆಯೊಂದು ಈಗ ಹೊಳೆಯಿತು. ನಿಮ್ಮ ಕಚೇರಿಯಲ್ಲಿ ಐವತ್ತು ಅಥವಾ ಹೆಚ್ಚು ನೌಕರರಿದ್ದಾರೆಯೇ? ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿದ 2017ರ ತಿದ್ದುಪಡಿಯೇ ಅಂಥ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕೆಂದೂ, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕೆಂದೂ ಹೇಳಿದೆ. ರಜೆಯ ಭಾಗ ಎಲ್ಲರಿಗೂ ಗೊತ್ತು, ಈ ಭಾಗವನ್ನು ಕೇಳುವವರೇ ಕಡಿಮೆ.

ಬೋಗಾದಿಯ ತಾಯಿ (ಬುಧವಾರ, ರಾತ್ರಿ 9.15)

ಕೇಳಿದೆ. ಕಚೇರಿಯಿಂದ ಐದು ನಿಮಿಷದ ದೂರದಲ್ಲಿರುವ ಒಂದು ಶಿಶುಪಾಲನಾ ಕೇಂದ್ರದ ಜೊತೆ ನಮ್ಮವರ ಒಪ್ಪಂದ ಮೊದಲಿನಿಂದಲೂ ಇದೆಯಂತೆ. ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನನ್ನ ಪಾಲಿಗೆ ತಿಂಗಳಿಗೆ 3,500 ಬರುತ್ತದೆ. ಹಗಲು ಮಗಳು ಅಲ್ಲಿರುತ್ತಾಳೆ, ಮಧ್ಯಾಹ್ನ ನಾನೇ ಹೋಗಿ ಹಾಲು ಕೊಟ್ಟು ಬರಬಹುದು.

ಹಾಗಾದರೆ ಮನೆಯಲ್ಲಿ ಉಳಿಯುವವರ ಕೆಲಸ ಸಂಜೆ ಆರೂವರೆಯಿಂದ ಹತ್ತರವರೆಗೆ ಮೂರೂವರೆ ಗಂಟೆ, ಬೆಳಿಗ್ಗೆ ಎರಡೂವರೆ ಗಂಟೆ, ನಡುವೆ ಎಂಟು ಗಂಟೆಯ ರಾತ್ರಿ. ಆರು ಗಂಟೆಗೆ 480, ರಾತ್ರಿಗೆ 320, ದಿನಕ್ಕೆ 800. 26 ದಿನಕ್ಕೆ 20,800. ರಾತ್ರಿ ಎದ್ದರೆ ಒಂದೊಂದು ಸಲಕ್ಕೂ ಒಂದು ಗಂಟೆ ಎಂದು ಹಿಡಿದು ಮೇಲೆ 40 ರೂಪಾಯಿ. ಹಗಲು ಸಂಪೂರ್ಣ ಅವರದು. ಮನೆಯಲ್ಲಿದ್ದರೂ ಅಡುಗೆ, ಬಟ್ಟೆ, ಪಾತ್ರೆ ಯಾವುದನ್ನೂ ಹೇಳುವುದಿಲ್ಲ.

ಸರಸ್ವತಿಪುರಂ ನಿವೃತ್ತ ಲೆಕ್ಕಿಗ (ಗುರುವಾರ, ಬೆಳಿಗ್ಗೆ 6.20)

ಊಟವನ್ನು ಸಂಬಳದೊಳಗೆ ಸೇರಿಸಬಾರದೆಂಬ ವಾದವನ್ನು ನಾನು ಇನ್ನೂ ಪೂರ್ತಿ ಒಪ್ಪಿಲ್ಲ, ಕೋಣೆಯ ವಿಷಯದಲ್ಲಿ ಗುತ್ತಲು ರಸ್ತೆಯ ಹುಡುಗಿ ಹೇಳಿದ್ದು ಸರಿ. ಒಂದು ಸಲಹೆ: ಎದ್ದದ್ದನ್ನು ಬಾಯಿಲೆಕ್ಕದಲ್ಲಿ ಇಡಬೇಡಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಚೌಕದೊಳಗೆ ಅವರೇ ಗೀಟು ಹಾಕಲಿ. ಸಂಬಳವನ್ನು ಅವರ ಬ್ಯಾಂಕ್ ಖಾತೆಗೇ ಹಾಕಿ. ಆ ಖಾತೆಯಿಂದಲೇ ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ ಸಿಗುತ್ತದೆ, 70 ವರ್ಷದವರೆಗೂ ಮಾಡಿಸಬಹುದು. ಶ್ರಮಯೋಗಿ ಮಾನ್‌ಧನ್ ಪಿಂಚಣಿಗೆ 40 ವರ್ಷದೊಳಗೆ ಸೇರಬೇಕಾಗಿರುವುದರಿಂದ ಅದು ಅವರಿಗೆ ದಕ್ಕುವುದಿಲ್ಲ, ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್ ಕಾರ್ಡಿಗೆ 59ರವರೆಗೆ ಅವಕಾಶವಿದೆ.

ಗುತ್ತಲು ರಸ್ತೆ, ಮಂಡ್ಯ (ಗುರುವಾರ, ಬೆಳಿಗ್ಗೆ 9.30)

ಅಕ್ಕ, ಇನ್ನೆರಡು ವಿಷಯಗಳಿವೆ. ಮೊದಲನೆಯದು, ಭಾನುವಾರದ ರಜೆ ಶನಿವಾರ ಬೆಳಿಗ್ಗೆ ಎಂಟೂವರೆಗೆ ಶುರುವಾಗಲಿ. ಊರಿಗೆ ಹೋಗುವ ಬಸ್ಸಿಗೆ ದುಡ್ಡು ಬೇಕಿಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆಯಿದೆ. ಅವರಿಗೆ ಕಡಿಮೆ ಬೀಳುವುದು ಸಮಯ. ಸಂಜೆ ಏಳಕ್ಕೆ ಬಿಟ್ಟು ಮರುದಿನ ಸಂಜೆ ಏಳಕ್ಕೆ ಬರಬೇಕೆಂದರೆ ಅವ್ವ ಮನೆಗೆ ಬಂದು ಮಲಗುತ್ತಿದ್ದಳು, ಎದ್ದು ಹೋಗುತ್ತಿದ್ದಳು. ನಮ್ಮೊಡನೆ ಮಾತಾಡಿದ್ದೇ ಇಲ್ಲ. ಎರಡನೆಯದು, ರಾತ್ರಿಯ ಗೀಟಿನ ಲೆಕ್ಕದಲ್ಲಿ ನನಗೊಂದು ಅನುಮಾನವಿದೆ. ಜಾಣತನದಿಂದ ಮಗುವಿಗೆ ನಿದ್ದೆಯ ಅಭ್ಯಾಸ ಮಾಡಿಸಿದವರಿಗೆ ಗೀಟು ಕಡಿಮೆಯಾಗುತ್ತದೆ, ಸಂಬಳವೂ ಇಳಿಯುತ್ತದೆ. ಚೆನ್ನಾಗಿ ದುಡಿದದ್ದಕ್ಕೆ ದಂಡ ಹಾಕಿದಂತಾಗುವುದಿಲ್ಲವೇ?

ಬೋಗಾದಿಯ ತಾಯಿ (ಎರಡು ತಿಂಗಳ ನಂತರ, ಭಾನುವಾರ, ಮಧ್ಯಾಹ್ನ 3.00)

ಸಲಹೆ ಕೊಟ್ಟವರಿಗೆ ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ. ಅವರು ಬಂದು ಎರಡು ತಿಂಗಳಾಯಿತು. ನಾನು ಅವರನ್ನು ಅಕ್ಕ ಎನ್ನುತ್ತೇನೆ, ನನಗಿಂತ ಹದಿನೈದು ವರ್ಷ ದೊಡ್ಡವರಾದರೂ ಅವರೂ ನನ್ನನ್ನು ಅಕ್ಕ ಎಂದೇ ಕರೆಯುತ್ತಾರೆ.

ಮೊದಲ ತಿಂಗಳು ಮಗಳಿಗೆ ಶಿಶುಪಾಲನಾ ಕೇಂದ್ರದಿಂದ ನೆಗಡಿ ಹತ್ತಿತು, ಜೊತೆಗೆ ಹಲ್ಲು ಬರಲು ಶುರುವಾಯಿತು. ಕ್ಯಾಲೆಂಡರಿನಲ್ಲಿ 62 ಗೀಟುಗಳು ಬಿದ್ದವು. 2,480 ಸೇರಿ 23,280 ಕೊಟ್ಟೆ. ಆ ತಿಂಗಳು ಎರಡು ರಾತ್ರಿ ಇಬ್ಬರೂ ಮಲಗಲೇ ಇಲ್ಲ. ಮರುದಿನ ಅವರು ಹಗಲಿಡೀ ಬಾಗಿಲು ಹಾಕಿಕೊಂಡು ನಿದ್ದೆ ಮಾಡಿದರು, ನಾನು ಕಚೇರಿಯಲ್ಲಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡಿದೆ. ಹಗಲನ್ನು ಅವರಿಂದ ಕೊಳ್ಳದೇ ಬಿಟ್ಟದ್ದು ಎಷ್ಟು ಒಳ್ಳೆಯದಾಯಿತೆಂದು ಆಗ ಅರ್ಥವಾಯಿತು.

ಎರಡನೇ ತಿಂಗಳು ಗುತ್ತಲು ರಸ್ತೆಯ ತಂಗಿ ಹೇಳಿದಂತೆಯೇ ಆಯಿತು. ಮಗು ಮಿಸುಕಿದ ಕೂಡಲೇ ಎತ್ತಿಕೊಳ್ಳದೆ, ಎದೆಯ ಮೇಲೆ ಕೈಯಿಟ್ಟು ತಟ್ಟಿ ಮಲಗಿಸುವುದನ್ನು ಅಕ್ಕ ಅಭ್ಯಾಸ ಮಾಡಿಸಿದ್ದರು. ಗೀಟುಗಳು 31ಕ್ಕೆ ಇಳಿದವು, ಅವರ ಕೈಗೆ ಬಂದದ್ದು 22,040. ನನಗೆ ನಿದ್ದೆ ಸಿಕ್ಕಿತು, ಅವರಿಗೆ 1,240 ರೂಪಾಯಿ ಖೋತಾ ಆಯಿತು. ಅವರು ಏನೂ ಅನ್ನಲಿಲ್ಲ. ನನಗೇ ಮುಖ ಕೊಟ್ಟು ಮಾತಾಡಲು ಸಂಕೋಚವಾಯಿತು. ಆದ್ದರಿಂದ ಈ ತಿಂಗಳಿನಿಂದ ಲೆಕ್ಕ ಬದಲಿಸಿದೆ: ಮಗು ಎದ್ದರೂ ಏಳದಿದ್ದರೂ ರಾತ್ರಿಗೆ ಎರಡು ಸಲ ಎದ್ದಂತೆಯೇ ಹಿಡಿದು ಸ್ಥಿರ ಸಂಬಳ ಕೊಡುವುದು, ಎರಡಕ್ಕಿಂತ ಹೆಚ್ಚಾದರೆ ಮಾತ್ರ ಗೀಟು ಹಾಕುವುದು.

ರಜೆ ಶನಿವಾರ ಬೆಳಿಗ್ಗೆಯಿಂದ ಭಾನುವಾರ ಸಂಜೆಯವರೆಗೆ ಎಂದಾಗಿದೆ, ಅದಕ್ಕಾಗಿ ಶನಿವಾರದ ರಾತ್ರಿ ಮಾತ್ರ ನಾನೇ ಏಳುತ್ತೇನೆ. ವರ್ಷಕ್ಕೆ ಹನ್ನೆರಡು ದಿನ ಸಂಬಳಸಹಿತ ರಜೆ ಎಂದಿದ್ದೆ. ಅವರು ಸೇರಿಸಿದ ಷರತ್ತು ಒಂದೇ: ಮೇಲುಕೋಟೆಯ ವೈರಮುಡಿಗೆ ಎರಡು ದಿನ ಬಿಡಲೇಬೇಕು, ಅದನ್ನು ಈ ಹನ್ನೆರಡರಲ್ಲಿ ಹಿಡಿಯಬಾರದು. ಒಪ್ಪಿದೆ.

ನಿನ್ನೆ ಬೆಳಿಗ್ಗೆ ಅವರು ಊರಿಗೆ ಹೊರಡುವ ಮುನ್ನ ಹೊಸ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಓದಿ ಹೇಳಿದೆ. 26 ರಾತ್ರಿಗೆ 52 ಸಲ, ಅದಕ್ಕೆ 2,080. 20,800ಕ್ಕೆ ಕೂಡಿಸಿದರೆ 22,880. ಬಿಡಿ ಲೆಕ್ಕ ಬೇಡವೆಂದು 22,800 ಎಂದು ಬರೆದಿದ್ದೆ. ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದವರು ಅಲ್ಲೇ ನಿಂತು, ಬೆರಳು ಮಡಿಸಿ ಎಣಿಸಿ, "ಆ ಎಂಬತ್ತು ರೂಪಾಯಿ ಏನಾಯ್ತಕ್ಕ?" ಎಂದು ಕೇಳಿದರು.

ಹಾಳೆಯಲ್ಲಿ 22,880 ಎಂದು ತಿದ್ದಿ, ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿದೆವು.